ಆಟಗಾರ ಯಾರ ಸೊತ್ತು?



ಆಟದ ಸುದ್ದಿ ಹುಟ್ಟುವುದು ಆಟ ನಡೆಯುವ ಹೊತ್ತಿನಲ್ಲಿ ಎಂದು ನಾವು ಭಾವಿಸುವುದುಂಟು. ವೃತ್ತಿಪರ ಕ್ರೀಡೆಯ ಮಟ್ಟಿಗೆ ಇದು ಅರ್ಧ ಸತ್ಯ. ಉಳಿದರ್ಧ ಸುದ್ದಿ ಹುಟ್ಟುವುದು ಮೈದಾನಗಳು ಖಾಲಿ ಬಿದ್ದಿರುವ ತಿಂಗಳುಗಳಲ್ಲಿ. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ, ಮುಂದಿನ ತಿರುಗಾಟಕ್ಕೆ ಯಾವ ವೇಷಧಾರಿ ಯಾವ ಮೇಳಕ್ಕೆ, ಯಾವ ಭಾಗವತರು ಎಲ್ಲಿಗೆ ಎಂಬ ಮಾತು ಮಳೆಗಾಲವಿಡೀ ಜಗಲಿಗಳಲ್ಲಿ ನಡೆಯುತ್ತದಷ್ಟೆ. ಅಮೆರಿಕದ ಬೇಸ್‌ಬಾಲ್ ಆಟಕ್ಕೂ ಇಂಥದೊಂದು ಕಾಲ ಉಂಟು. ಶರತ್ಕಾಲದಲ್ಲಿ ಆಟ ಮುಗಿದು ವಸಂತದಲ್ಲಿ ಮತ್ತೆ ತೊಡಗುವವರೆಗಿನ ಚಳಿಯ ದಿನಗಳಲ್ಲಿ, ಕಾದ ಒಲೆಯ ಸುತ್ತ ಕುಳಿತು ಯಾರು ಯಾವ ತಂಡ ಸೇರಿದರು, ಯಾರ ಕರಾರು ಮುರಿಯಿತು, ಯಾವ ತಂಡಕ್ಕೆ ಯಾರು ಗುರುವಾದರು ಎಂದು ಜನ ಮಾತಾಡುತ್ತಾರೆ. ಆ ಹರಟೆಗೆ ಅಲ್ಲಿಯವರು ‘ಬಿಸಿ ಒಲೆಯ ಪಂದ್ಯಾಟ’ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ.

ಅಂಥ ಒಂದು ಚಳಿಗಾಲದಲ್ಲಿ, 2024ರ ಡಿಸೆಂಬರಿನಲ್ಲಿ, ಹ್ವಾನ್ ಸೋಟೊ ಎಂಬ ಆಟಗಾರರು ನ್ಯೂಯಾರ್ಕ್ ಮೆಟ್ಸ್ ತಂಡದೊಡನೆ ಹದಿನೈದು ವರ್ಷಗಳಿಗೆ 76.5 ಕೋಟಿ ಡಾಲರುಗಳ ಕರಾರಿಗೆ ಒಪ್ಪಿದರು. ಇಂಥ ಅಂಕಿಯನ್ನು ಓದಿದಾಗ ಹುಬ್ಬೇರುವುದು ಸಹಜ. ಒಬ್ಬ ಮನುಷ್ಯನ ದಾಂಡಿಗೆ ಇಷ್ಟು ಬೆಲೆಯೆ ಎಂದು ಕೇಳುತ್ತೇವೆ. ನಾನು ಇಂದು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಆ ಕರಾರಿಗೆ ಸಹಿ ಹಾಕುವ ಮೊದಲು, ಹಲವು ತಂಡಗಳು ಬಾಗಿಲಲ್ಲಿ ನಿಂತಿದ್ದಾಗ, ಕೆಲವಕ್ಕೆ ‘ಒಲ್ಲೆ’ ಎನ್ನುವ ಹಕ್ಕು ಅವರಿಗೆ ಎಲ್ಲಿಂದ ಬಂದಿತು? ಏಕೆಂದರೆ ಐವತ್ತೈದು ವರ್ಷಗಳ ಹಿಂದೆ ಅದೇ ಆಟದಲ್ಲಿ, ಅದೇ ಡಿಸೆಂಬರಿನಲ್ಲಿ, ಇನ್ನೊಬ್ಬ ಆಟಗಾರರಿಗೆ ಆ ಹಕ್ಕು ಇರಲಿಲ್ಲ. ಅವರ ಹೆಸರು ಕರ್ಟ್ ಫ್ಲಡ್.

ಬೇಸ್‌ಬಾಲ್ ನಮ್ಮ ಕ್ರಿಕೆಟಿನ ದೂರದ ದಾಯಾದಿ. ಅದರ ನಿಯಮಗಳನ್ನು ತಿಳಿಯದಿದ್ದರೂ ಇಂದಿನ ಮಾತಿಗೆ ಅಡ್ಡಿಯಿಲ್ಲ. ಅದರ ಕರಾರುಪತ್ರದ ಒಂದು ಕಲಮನ್ನು ತಿಳಿದರೆ ಸಾಕು. ಅದನ್ನು ‘ಕಾದಿರಿಸುವ ಕಲಮು’ ಎನ್ನೋಣ. 1879ರಲ್ಲಿ ನ್ಯಾಷನಲ್ ಲೀಗಿನ ತಂಡಗಳ ಮಾಲೀಕರು ತಮ್ಮೊಳಗೆ ಗುಟ್ಟಾಗಿ ಒಂದು ಏರ್ಪಾಟು ಮಾಡಿಕೊಂಡರು. ಪ್ರತಿಯೊಂದು ತಂಡವೂ ಐವರು ಆಟಗಾರರನ್ನು ಹೆಸರಿಸಬಹುದು. ಹಾಗೆ ಹೆಸರಿಸಿದವರನ್ನು ಉಳಿದ ತಂಡಗಳು ಮುಟ್ಟತಕ್ಕದ್ದಲ್ಲ. ಕಾಲಕ್ರಮದಲ್ಲಿ ಈ ಐದು ಬೆಳೆದು ಇಡೀ ತಂಡವಾಯಿತು, ಗುಟ್ಟಿನ ಮಾತು ಅಚ್ಚಾದ ಕರಾರಿನ ಒಂದು ವಾಕ್ಯವಾಯಿತು. ಆಟಗಾರನ ಕರಾರು ಒಂದು ವರ್ಷದ್ದು. ವರ್ಷ ಕಳೆದ ಮೇಲೆ ಸಂಬಳದ ಮಾತು ಕುದುರದಿದ್ದರೆ, ತಂಡವು ಆ ಕರಾರನ್ನು ಅವೇ ಷರತ್ತುಗಳ ಮೇಲೆ ಇನ್ನೊಂದು ವರ್ಷಕ್ಕೆ ತಾನಾಗಿಯೇ ಮುಂದುವರಿಸಬಹುದು. ಇಷ್ಟೇ ಆ ವಾಕ್ಯ. ಆದರೆ ಮುಂದುವರಿದ ಕರಾರಿನೊಳಗೂ ಅದೇ ವಾಕ್ಯ ಕುಳಿತಿರುತ್ತದಲ್ಲವೆ? ಆದುದರಿಂದ ಮುಂದಿನ ವರ್ಷವೂ ಅದು ಅನ್ವಯಿಸುತ್ತದೆ, ಅದರ ಮುಂದಿನ ವರ್ಷವೂ ಅನ್ವಯಿಸುತ್ತದೆ ಎಂದು ಮಾಲೀಕರು ಅರ್ಥ ಮಾಡಿದರು. ಒಂದು ವರ್ಷ ಎಂಬ ಮಾತು ಹೀಗೆ ಆಟಗಾರನ ತೋಳಿನಲ್ಲಿ ಬಲವಿರುವಷ್ಟು ಕಾಲ ಎಂಬ ಅರ್ಥವನ್ನು ಪಡೆಯಿತು. ಆಟಗಾರ ತಂಡವನ್ನು ಬಿಡುವಂತಿಲ್ಲ. ತಂಡ ಮಾತ್ರ ಅವನನ್ನು ಮಾರಬಹುದು, ಬದಲಾಯಿಸಿಕೊಳ್ಳಬಹುದು, ಬೇಡವಾದಾಗ ಕೈಬಿಡಬಹುದು.

ಇದು ವ್ಯಾಪಾರದ ಏಕಸ್ವಾಮ್ಯವಲ್ಲವೆ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರದಿರಲಿಲ್ಲ. ಅಮೆರಿಕದಲ್ಲಿ ಏಕಸ್ವಾಮ್ಯವನ್ನು ತಡೆಯುವ ಕಾಯಿದೆ ಇದೆ. ಆದರೆ 1922ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಬೇಸ್‌ಬಾಲ್ ಪ್ರದರ್ಶನ ರಾಜ್ಯ ರಾಜ್ಯಗಳ ನಡುವಣ ವ್ಯಾಪಾರವಲ್ಲ, ಆದುದರಿಂದ ಕಾಯಿದೆ ಅದಕ್ಕೆ ತಾಗದು ಎಂದು ತೀರ್ಪಿತ್ತಿತು. ತೀರ್ಪನ್ನು ಬರೆದವರು ಸಾಮಾನ್ಯರಲ್ಲ, ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್. 1953ರಲ್ಲಿ ಅದೇ ಪ್ರಶ್ನೆ ಮತ್ತೆ ಬಂದಾಗ ನ್ಯಾಯಾಲಯ ಹಳೆಯ ತೀರ್ಪನ್ನೇ ಹಿಡಿಯಿತು. ಸೋಜಿಗವೆಂದರೆ, ಅದಾದ ಕೆಲವೇ ವರ್ಷಗಳಲ್ಲಿ ಮುಷ್ಟಿಕಾಳಗಕ್ಕೂ ಅಮೆರಿಕನ್ ಫುಟ್‌ಬಾಲಿಗೂ ಆ ಕಾಯಿದೆ ತಾಗುತ್ತದೆಂದು ಅದೇ ನ್ಯಾಯಾಲಯ ಹೇಳಿತು. ಬೇಸ್‌ಬಾಲಿಗೆ ಮಾತ್ರ ವಿನಾಯಿತಿ ಉಳಿಯಿತು.

ಇಂಥ ಕರಾರಿನ ನೆರಳಲ್ಲಿ ಸಂಬಳದ ಮಾತುಕತೆ ಹೇಗೆ ನಡೆಯುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಚಳಿಗಾಲದಲ್ಲಿ ತಂಡದಿಂದ ಒಂದು ಕಾಗದ ಬರುತ್ತದೆ. ಅದರಲ್ಲಿ ಒಂದು ಮೊತ್ತ ಬರೆದಿರುತ್ತದೆ. ಆಟಗಾರ ಒಬ್ಬನೇ ಹೋಗಿ, ಇಡೀ ಜೀವನ ಲೆಕ್ಕಾಚಾರದಲ್ಲೇ ಕಳೆದ ವ್ಯವಸ್ಥಾಪಕರ ಎದುರು ಕೂರಬೇಕು. ಒಪ್ಪದಿದ್ದರೆ ಅವನಿಗಿರುವ ದಾರಿ ಒಂದೇ: ಮನೆಯಲ್ಲಿ ಕೂರುವುದು. 1966ರ ವಸಂತದಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಇಬ್ಬರು ಹೆಸರಾಂತ ಚೆಂಡೆಸೆತಗಾರರು, ಸ್ಯಾಂಡಿ ಕೋಫ್ಯಾಕ್ಸ್ ಮತ್ತು ಡಾನ್ ಡ್ರೈಸ್ಡೇಲ್, ಒಂದು ಉಪಾಯ ಮಾಡಿದರು. ನಾವಿಬ್ಬರೂ ಕೂಡಿಯೇ ಮಾತಾಡುತ್ತೇವೆ, ಕೂಡಿಯೇ ಒಪ್ಪುತ್ತೇವೆ ಎಂದರು. ಹಿಂದಿನ ವರ್ಷವಷ್ಟೇ ಆ ತಂಡಕ್ಕೆ ದೇಶದ ಪ್ರಶಸ್ತಿಯನ್ನು ತಂದುಕೊಟ್ಟವರು ಅವರು. ಮೂವತ್ತೆರಡು ದಿನ ತಾಲೀಮಿಗೆ ಹೋಗದೆ ಕುಳಿತರು. ಕೊನೆಗೆ ಒಬ್ಬರಿಗೆ 1,25,000, ಇನ್ನೊಬ್ಬರಿಗೆ 1,10,000 ಡಾಲರ್ ಸಂಬಳ ಗೊತ್ತಾಯಿತು. ಕೇಳಿದ್ದಕ್ಕಿಂತ ಅದು ಬಹಳ ಕಡಿಮೆ. ಆದರೂ ಇಬ್ಬರು ಸೇರಿದರೆ ಒಬ್ಬನಿಗಿಂತ ಹೆಚ್ಚು ಎಂಬ ಸರಳ ಗಣಿತ ಆಟಗಾರರಿಗೆ ಅರ್ಥವಾಯಿತು.

ಅದೇ ವರ್ಷ ಆಟಗಾರರ ಸಂಘ ತನ್ನ ಕಾರ್ಯನಿರ್ವಾಹಕರನ್ನಾಗಿ ಮಾರ್ವಿನ್ ಮಿಲ್ಲರ್ ಎಂಬವರನ್ನು ಆರಿಸಿಕೊಂಡಿತು. ಮಿಲ್ಲರ್ ಉಕ್ಕಿನ ಕಾರ್ಖಾನೆಗಳ ಕಾರ್ಮಿಕ ಸಂಘದಲ್ಲಿ ಅರ್ಥಶಾಸ್ತ್ರಜ್ಞರಾಗಿ ದುಡಿದವರು. ಅವರು ಬಂದಾಗ ಈ ಆಟದಲ್ಲಿ ಕನಿಷ್ಠ ಸಂಬಳ ವರ್ಷಕ್ಕೆ 6,000 ಡಾಲರ್. 1968ರ ಸಾಮೂಹಿಕ ಒಪ್ಪಂದದಿಂದ ಅದು 10,000ಕ್ಕೆ ಏರಿತು. ಆದರೆ ಮಿಲ್ಲರ್ ಅವರ ಕಣ್ಣು ಮೊತ್ತದ ಮೇಲೆ ಮಾತ್ರ ಇರಲಿಲ್ಲ. ಮುಂದೆ 1970ರ ಒಪ್ಪಂದದಲ್ಲಿ ಅವರು ಇನ್ನೊಂದು ಸಣ್ಣ ಮಾತನ್ನು ಸೇರಿಸಿದರು: ಕರಾರಿನ ಬಗ್ಗೆ ತಕರಾರು ಬಂದರೆ ಅದನ್ನು ತೀರ್ಮಾನಿಸಬೇಕಾದವರು ಮಾಲೀಕರು ನೇಮಿಸಿದ ಆಯುಕ್ತರಲ್ಲ, ಎರಡೂ ಪಕ್ಷಗಳು ಒಪ್ಪಿದ ಒಬ್ಬ ಮಧ್ಯಸ್ಥರು. ಈ ಸಣ್ಣ ಮಾತು ಮುಂದೆ ಏನು ಮಾಡಿತೆಂಬುದನ್ನು ನೋಡಲಿಕ್ಕಿದೆ.

ಈಗ ಕರ್ಟ್ ಫ್ಲಡ್ ಅವರ ಕಡೆಗೆ ಬರೋಣ. ಕ್ಯಾಲಿಫೋರ್ನಿಯದ ಓಕ್ಲೆಂಡಿನಲ್ಲಿ ಬೆಳೆದ ಈ ಕಪ್ಪು ಹುಡುಗನೂ ಫ್ರ್ಯಾಂಕ್ ರಾಬಿನ್ಸನ್ ಎಂಬ ಇನ್ನೊಬ್ಬ ಹುಡುಗನೂ ಜಾರ್ಜ್ ಪೌಲ್ಸ್ ಎಂಬ ಒಬ್ಬನೇ ಗುರುವಿನ ಕೈಯಲ್ಲಿ ಪಳಗಿದವರು. ಇಬ್ಬರೂ ಮೊದಲು ಸೇರಿದ್ದು ಸಿನ್ಸಿನಾಟಿ ತಂಡವನ್ನು. 1965ರ ಡಿಸೆಂಬರಿನಲ್ಲಿ ಆ ತಂಡ, ರಾಬಿನ್ಸನ್ ಅವರಿಗೆ ಮೂವತ್ತು ವಯಸ್ಸಾಯಿತು, ಇನ್ನು ಇಳಿಗಾಲ ಎಂದು ಬಗೆದು, ಅವರನ್ನು ಬಾಲ್ಟಿಮೋರಿಗೆ ಕೊಟ್ಟು ಮೂವರು ಆಟಗಾರರನ್ನು ಪಡೆಯಿತು. ಮರುವರ್ಷವೇ ರಾಬಿನ್ಸನ್ ತಮ್ಮ ಲೀಗಿನಲ್ಲಿ ದಾಂಡುಗಾರಿಕೆಯ ಮೂರೂ ಮುಖ್ಯ ಗಣನೆಗಳಲ್ಲಿ ಮೊದಲಿಗರಾದರು, ಹೊಸ ತಂಡಕ್ಕೆ ದೇಶದ ಪ್ರಶಸ್ತಿಯನ್ನೂ ತಂದರು. ಇಂದಿಗೂ ಇದನ್ನು ತಂಡದ ವ್ಯವಸ್ಥಾಪಕರು ಮಾಡಬಾರದ ವ್ಯಾಪಾರಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಗಮನಿಸಬೇಕಾದುದು, ಈ ಕಥೆಯನ್ನು ಹೇಳುವಾಗ ಸಿನ್ಸಿನಾಟಿಗೆ ನಷ್ಟವಾಯಿತು, ಬಾಲ್ಟಿಮೋರಿಗೆ ಲಾಭವಾಯಿತು ಎನ್ನುತ್ತಾರೆಯೇ ಹೊರತು, ಮನುಷ್ಯನನ್ನು ಕೇಳಿದರೆ ಎಂಬ ಮಾತು ಅದರಲ್ಲಿ ಬರುವುದಿಲ್ಲ.

ಫ್ಲಡ್ ಅವರನ್ನು ಹತ್ತೊಂಬತ್ತನೆಯ ವಯಸ್ಸಿನಲ್ಲೇ, 1957ರಲ್ಲಿ, ಸೇಂಟ್ ಲೂಯಿ ಕಾರ್ಡಿನಲ್ಸ್ ತಂಡಕ್ಕೆ ದಾಟಿಸಿದ್ದರು. ಅದಕ್ಕೆ ಮೊದಲು ಅವರು ದಕ್ಷಿಣದ ರಾಜ್ಯಗಳ ಸಣ್ಣ ತಂಡಗಳಲ್ಲಿ ಆಡಿದ್ದರು. ಬಿಳಿಯ ಸಂಗಡಿಗರೊಡನೆ ಮೈದಾನದಲ್ಲಿ ಆಡಬಹುದು, ಊಟಕ್ಕೆ ಮಾತ್ರ ಅವರೊಡನೆ ಕೂರಬಾರದು ಎಂಬ ಕಾಲ, ಎಂಬ ದೇಶ ಅದು. ಸೇಂಟ್ ಲೂಯಿಯಲ್ಲಿ ಅವರು ಹನ್ನೆರಡು ವರ್ಷ ಆಡಿದರು. ಮೈದಾನದ ನಡುಹೊರವಲಯವನ್ನು ಕಾಯುವುದರಲ್ಲಿ ಅವರ ಸಮಾನರು ಕೆಲವರೇ. 1963ರಿಂದ ಸತತ ಏಳು ವರ್ಷ ಕ್ಷೇತ್ರರಕ್ಷಣೆಯ ಚಿನ್ನದ ಕೈಗವಸಿನ ಪ್ರಶಸ್ತಿ ಅವರದಾಗಿತ್ತು. 1969ರಲ್ಲಿ ಅವರ ಸಂಬಳ 90,000 ಡಾಲರ್. ಆ ಅಕ್ಟೋಬರಿನಲ್ಲಿ ತಂಡದ ಕಚೇರಿಯ ಒಬ್ಬ ಅಧಿಕಾರಿ ದೂರವಾಣಿಯಲ್ಲಿ, ನಿಮ್ಮನ್ನು ಫಿಲಡೆಲ್ಫಿಯಕ್ಕೆ ಕೊಡಲಾಗಿದೆ ಎಂದು ತಿಳಿಸಿದರು. ಏಳು ಮಂದಿಯ ವಿನಿಮಯದಲ್ಲಿ ಅವರೊಬ್ಬರು.

ಫಿಲಡೆಲ್ಫಿಯ ಹೆಚ್ಚಿನ ಸಂಬಳವನ್ನೇ ಕೊಡಲು ಸಿದ್ಧವಾಗಿತ್ತು. ಹಣದ ಪ್ರಶ್ನೆಯಾಗಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಫ್ಲಡ್ ಮಿಲ್ಲರ್ ಅವರ ಬಳಿ ಹೋಗಿ ದಾವೆ ಹೂಡುವೆನೆಂದರು. ಮಿಲ್ಲರ್ ಉತ್ಸಾಹದ ಮಾತಾಡಲಿಲ್ಲ. ಗೆಲ್ಲುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ, ಒಂದು ವೇಳೆ ಗೆದ್ದರೂ ಅದರ ಫಲ ನಿಮಗೆ ಸಿಗದು, ನಿಮ್ಮ ಆಟದ ಬಾಳು ಇಲ್ಲಿಗೆ ಮುಗಿಯಬಹುದು ಎಂದು ಎಚ್ಚರಿಸಿದರು. ಉಳಿದ ಆಟಗಾರರಿಗೆ ಫಲ ಸಿಕ್ಕೀತೆ ಎಂದು ಫ್ಲಡ್ ಕೇಳಿದರು. ಸಿಕ್ಕೀತು ಎಂದರು ಮಿಲ್ಲರ್. ಡಿಸೆಂಬರಿನಲ್ಲಿ ಪೋರ್ಟೊ ರಿಕೊದಲ್ಲಿ ಸೇರಿದ ಆಟಗಾರರ ಪ್ರತಿನಿಧಿಗಳ ಎದುರು ಅವರು ತಮ್ಮ ನಿಲುವನ್ನು ಹೇಳಿದರು. ಕಪ್ಪು ಮನುಷ್ಯನೆಂಬ ಕಾರಣಕ್ಕೆ ಇದನ್ನು ಮಾಡುತ್ತಿದ್ದೀರಾ ಎಂಬ ಪ್ರಶ್ನೆಯೂ ಅಲ್ಲಿ ಬಂದಿತು. ಕಪ್ಪು ಮನುಷ್ಯನಾಗಿ ನನ್ನ ಅನುಭವ ನನ್ನದೇ, ಆದರೆ ಈ ಕಲಮು ಎಲ್ಲರನ್ನೂ ಕಟ್ಟಿಹಾಕಿದೆ ಎಂಬುದು ಅವರ ಉತ್ತರದ ತಾತ್ಪರ್ಯ. ಪ್ರತಿನಿಧಿಗಳು ಒಮ್ಮತದಿಂದ ಬೆಂಬಲಿಸಿದರು.

1969ರ ಡಿಸೆಂಬರ್ 24ರಂದು ಅವರು ಬೇಸ್‌ಬಾಲ್ ಆಯುಕ್ತ ಬೋವಿ ಕೂನ್ ಅವರಿಗೆ ಒಂದು ಕಾಗದ ಬರೆದರು. ಚಿಕ್ಕ ಕಾಗದ. ಹನ್ನೆರಡು ವರ್ಷ ಆಡಿದ ಮೇಲೆ ನನ್ನ ಇಚ್ಛೆಯನ್ನು ಕೇಳದೆ ಕೊಂಡು ಮಾರಬಹುದಾದ ಸೊತ್ತು ನಾನೆಂದು ನನಗನ್ನಿಸುವುದಿಲ್ಲ. ಬೇರೆ ತಂಡಗಳ ಕರೆಗಳನ್ನೂ ಪರಿಶೀಲಿಸುವ ಹಕ್ಕು ನನಗಿದೆ. ಇದನ್ನು ಎಲ್ಲ ತಂಡಗಳಿಗೂ ತಿಳಿಸಿ ಎಂಬುದು ಅದರ ಸಾರ. ಆಯುಕ್ತರು ಸೌಜನ್ಯದಿಂದಲೇ ಉತ್ತರಿಸಿದರು. ಮನುಷ್ಯನೆಂಬವನು ಕೊಂಡು ಮಾರುವ ಸೊತ್ತಲ್ಲವೆಂಬ ಮಾತನ್ನು ನಾನೂ ಒಪ್ಪುತ್ತೇನೆ, ಆದರೆ ಈ ಪ್ರಸಂಗಕ್ಕೆ ಅದು ಹೇಗೆ ಅನ್ವಯಿಸುತ್ತದೆಂಬುದು ನನಗೆ ಕಾಣದು ಎಂದರು. ತತ್ತ್ವವನ್ನು ಒಪ್ಪಿ ವ್ಯವಹಾರವನ್ನು ಬಿಡದಿರುವ ಈ ರೀತಿ ನಮಗೆ ಅಪರಿಚಿತವೇನಲ್ಲ.

1970ರ ಜನವರಿಯಲ್ಲಿ ದಾವೆ ದಾಖಲಾಯಿತು. ದೂರದರ್ಶನದ ಸಂದರ್ಶನವೊಂದರಲ್ಲಿ, ವರ್ಷಕ್ಕೆ 90,000 ಡಾಲರ್ ಪಡೆಯುವವರು ಗುಲಾಮಗಿರಿಯ ಮಾತಾಡಬಹುದೆ ಎಂದು ಕೇಳಿದಾಗ, ಒಳ್ಳೆಯ ಸಂಬಳ ಪಡೆಯುವ ಗುಲಾಮನೂ ಗುಲಾಮನೇ ಎಂದು ಅವರು ಹೇಳಿದರು. ಈ ಮಾತು ಅನೇಕರನ್ನು ಕೆರಳಿಸಿತು. ಹೊಲಗಳಲ್ಲಿ ಸರಪಳಿ ಹೊತ್ತು ದುಡಿದವರ ಸಂಕಟವೆಲ್ಲಿ, ತಾರೆಯಾದ ಆಟಗಾರನ ಅಸಮಾಧಾನವೆಲ್ಲಿ? ಆಕ್ಷೇಪಣೆ ನ್ಯಾಯವಾದದ್ದೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಕನ್ನಡದವರಾದ ನಮಗೆ ಆ ಮಾತಿನ ಒಳಗನ್ನು ಹೊಗಲು ಒಂದು ಬಾಗಿಲಿದೆ. ‘ಜೀತ’ ಎಂಬ ನಮ್ಮ ಪದವನ್ನು ನೋಡಿ. ‘ಜೀವಿತ’ದಿಂದ ಬಂದ ಈ ಪದಕ್ಕೆ ಹಳಗನ್ನಡದಲ್ಲಿ ಸಂಬಳ, ಬದುಕುವುದಕ್ಕೆ ಕೊಡುವ ವೇತನ ಎಂದು ಅರ್ಥ. ಅದೇ ಪದ ಮುಂದೆ ಬಿಡುಗಡೆಯಿಲ್ಲದ ದುಡಿಮೆಯ ಹೆಸರಾಯಿತು. ಸಂಬಳಕ್ಕೂ ಸೆರೆಗೂ ಒಂದೇ ಪದವನ್ನು ಬಳಸುವ ಸ್ಥಿತಿಗೆ ಭಾಷೆಯನ್ನು ತಂದದ್ದು ಜನರ ಅನುಭವ. ದುಡಿಮೆಗೆ ಕೂಲಿ ಉಂಟೋ ಇಲ್ಲವೋ ಎಂಬುದರಿಂದಲ್ಲ, ದುಡಿಯುವವನು ಎದ್ದು ಹೋಗಬಲ್ಲನೋ ಇಲ್ಲವೋ ಎಂಬುದರಿಂದ ಅದು ಜೀತವೆನಿಸುತ್ತದೆ. ಫ್ಲಡ್ ಹೇಳಿದ್ದೂ ಇದನ್ನೇ.

ವಿಚಾರಣೆ ನ್ಯೂಯಾರ್ಕಿನಲ್ಲಿ ಅದೇ ವರ್ಷದ ಮೇ ತಿಂಗಳಿನಲ್ಲಿ ತೊಡಗಿತು. 1947ರಲ್ಲಿ ಬಣ್ಣದ ಗೋಡೆಯನ್ನು ಒಡೆದು ಆ ಆಟದೊಳಕ್ಕೆ ಬಂದ ಜ್ಯಾಕಿ ರಾಬಿನ್ಸನ್ ಬಂದು ಫ್ಲಡ್ ಪರವಾಗಿ ಸಾಕ್ಷಿ ನುಡಿದರು. ಹಳೆಯ ತಲೆಮಾರಿನ ಹ್ಯಾಂಕ್ ಗ್ರೀನ್‌ಬರ್ಗ್ ಬಂದರು. ಆದರೆ ಹಾಲಿ ಆಡುತ್ತಿದ್ದ ಆಟಗಾರರಲ್ಲಿ ಒಬ್ಬರೂ ಆ ನ್ಯಾಯಾಲಯದಲ್ಲಿ ಬಂದು ಕೂರಲಿಲ್ಲ. ಅವರನ್ನು ನಾವು ಹಳಿಯುವುದು ಸುಲಭ. ಅವರಿಗೂ ಒಂದೊಂದು ವರ್ಷದ ಕರಾರು. ಅವರ ಹೆಸರನ್ನು ಬರೆದುಕೊಳ್ಳುವ ಮಾಲೀಕರು ಅಲ್ಲೇ ಇದ್ದರು. ಭಯವೆಂಬುದು ಸಂಬಳದ ಗಾತ್ರವನ್ನು ನೋಡಿ ಬರುವುದಿಲ್ಲ.

ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಸೋತ ದಾವೆ 1972ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಜೂನ್ 19ರಂದು ಐವರು ವಿರುದ್ಧ, ಮೂವರು ಪರ, ಫ್ಲಡ್ ಸೋತರು. ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ತೀರ್ಪಿನ ಮೊದಲ ಭಾಗದಲ್ಲಿ ಆಟದ ಚರಿತ್ರೆಯನ್ನು ಪ್ರೀತಿಯಿಂದ ಹೇಳಿ, ಎಂಬತ್ತಕ್ಕೂ ಹೆಚ್ಚು ಹಳೆಯ ಆಟಗಾರರ ಹೆಸರುಗಳನ್ನು ಒಂದರ ಹಿಂದೆ ಒಂದರಂತೆ ಪೋಣಿಸಿದರು. ಬಳಿಕ, ಬೇಸ್‌ಬಾಲಿಗೆ ಕೊಟ್ಟಿರುವ ವಿನಾಯಿತಿ ಅಸಂಗತವೆಂಬುದನ್ನು ಒಪ್ಪಿಕೊಂಡೇ, ಅದನ್ನು ಸರಿಪಡಿಸಬೇಕಾದುದು ಶಾಸನಸಭೆಯೇ ಹೊರತು ನಾವಲ್ಲ ಎಂದರು. ತೀರಿಕೊಂಡ ಆಟಗಾರರನ್ನು ಅಷ್ಟು ಅಕ್ಕರೆಯಿಂದ ನೆನೆದ ತೀರ್ಪು, ಎದುರಿಗೆ ನಿಂತ ಆಟಗಾರನಿಗೆ ಏನನ್ನೂ ಕೊಡಲಿಲ್ಲ.

ಹಾಗಾದರೆ ಕಲಮು ಮುರಿದದ್ದು ಹೇಗೆ? ಇಲ್ಲಿ ಮಿಲ್ಲರ್ ಸೇರಿಸಿದ ಮಧ್ಯಸ್ಥರ ಮಾತು ಕೆಲಸಕ್ಕೆ ಬಂತು. 1974ರಲ್ಲಿ ಓಕ್ಲೆಂಡ್ ತಂಡದ ಮಾಲೀಕ ಚಾರ್ಲ್ಸ್ ಫಿನ್ಲಿ, ಕ್ಯಾಟ್‌ಫಿಷ್ ಹಂಟರ್ ಎಂಬ ಚೆಂಡೆಸೆತಗಾರರಿಗಾಗಿ ಕರಾರಿನಂತೆ ವಿಮೆಗೆ ಕಟ್ಟಬೇಕಾಗಿದ್ದ 50,000 ಡಾಲರನ್ನು ಕಟ್ಟಲಿಲ್ಲ. ಕರಾರು ಮುರಿದವರು ಮಾಲೀಕರೇ, ಆದುದರಿಂದ ಹಂಟರ್ ಸ್ವತಂತ್ರರು ಎಂದು ಮಧ್ಯಸ್ಥ ಪೀಟರ್ ಸೈಟ್ಸ್ ತೀರ್ಮಾನಿಸಿದರು. ತಂಡಗಳು ಹಂಟರ್ ಅವರ ಊರಿಗೆ ಮುಗಿಬಿದ್ದವು. ಆ ವರ್ಷದ ಕೊನೆಯ ದಿನ ಅವರು ನ್ಯೂಯಾರ್ಕ್ ಯಾಂಕೀಸ್ ತಂಡದೊಡನೆ ಐದು ವರ್ಷದ ಕರಾರಿಗೆ ಸಹಿ ಹಾಕಿದರು. ಅದರ ಮೊತ್ತ ಮೂವತ್ತು ಲಕ್ಷ ಡಾಲರನ್ನು ಮೀರಿತ್ತು. ಬಾಗಿಲು ತೆರೆದರೆ ಆಟಗಾರನ ಬೆಲೆ ಎಷ್ಟೆಂಬುದು ಎಲ್ಲರಿಗೂ ಕಂಡುಹೋಯಿತು.

ಮರುವರ್ಷ ಇಬ್ಬರು ಚೆಂಡೆಸೆತಗಾರರು ಹೊಸ ಕರಾರಿಗೆ ಸಹಿ ಹಾಕದೆಯೇ ಉಳಿದರು. ಒಬ್ಬರು ಡಾಡ್ಜರ್ಸ್ ತಂಡದ ಆ್ಯಂಡಿ ಮೆಸ್ಸರ್‌ಸ್ಮಿತ್. ಅವರು ಪಟ್ಟು ಹಿಡಿದದ್ದು ಸಂಬಳಕ್ಕಲ್ಲ. ನನ್ನ ಒಪ್ಪಿಗೆಯಿಲ್ಲದೆ ನನ್ನನ್ನು ಬೇರೆ ತಂಡಕ್ಕೆ ಕೊಡಕೂಡದು ಎಂಬ ಒಂದು ಸಾಲಿಗೆ. ತಂಡ ಆ ಸಾಲನ್ನು ಬರೆಯಲು ಒಪ್ಪಲಿಲ್ಲ. ಇನ್ನೊಬ್ಬರು ಮಾಂಟ್ರಿಯಲ್ ತಂಡದ ಡೇವ್ ಮೆಕ್‌ನ್ಯಾಲಿ. ಅವರು ಆ ವರ್ಷದ ನಡುವಿನಲ್ಲೇ ಆಟ ಬಿಟ್ಟು ಊರಿಗೆ ಹೋಗಿದ್ದರು. ತಕರಾರಿನಿಂದ ಅವರ ಹೆಸರನ್ನು ತೆಗೆಸಲು ತಂಡದ ಅಧ್ಯಕ್ಷರೇ ಮಾಂಟಾನಾದವರೆಗೆ ಹೋಗಿ, ಬಂದು ಸಹಿ ಹಾಕಿದರೆ ಸಾಕು ಎಂದು ದೊಡ್ಡ ಮೊತ್ತವನ್ನು ಮುಂದಿಟ್ಟರು. ಮೆಕ್‌ನ್ಯಾಲಿ ಅವರಿಗೆ ಮತ್ತೆ ಆಡುವ ಉದ್ದೇಶವಿರಲಿಲ್ಲ. ಆಡದೆ ಹಣ ಪಡೆಯುವುದು ಸರಿಯೆನಿಸಲಿಲ್ಲ. ಬೇಡವೆಂದರು. ತನಗೆ ಬಿಡಿಗಾಸಿನ ಲಾಭವಿಲ್ಲದ ತಕರಾರಿನಲ್ಲಿ ಹೆಸರನ್ನು ಉಳಿಸಿದರು.

ಸೈಟ್ಸ್ ಅವರು, ನನ್ನಿಂದ ತೀರ್ಪು ಬರೆಯಿಸಬೇಡಿ, ನೀವೇ ಕೂತು ಮಾತಾಡಿಕೊಳ್ಳಿ ಎಂದು ಮಾಲೀಕರನ್ನು ಕೇಳಿಕೊಂಡರು. ಅವರು ಕೇಳಲಿಲ್ಲ. 1975ರ ಡಿಸೆಂಬರ್ 23ರಂದು, ಫ್ಲಡ್ ಕಾಗದ ಬರೆದು ಆರು ವರ್ಷ ತುಂಬಲು ಒಂದು ದಿನ ಉಳಿದಿದ್ದಾಗ, ತೀರ್ಮಾನ ಹೊರಬಿತ್ತು. ಒಂದು ವರ್ಷ ಎಂದರೆ ಒಂದೇ ವರ್ಷ. ಇಬ್ಬರೂ ಸ್ವತಂತ್ರರು. ಮಾಲೀಕರು ಅಂದೇ ಸೈಟ್ಸ್ ಅವರನ್ನು ಮಧ್ಯಸ್ಥ ಪದವಿಯಿಂದ ತೆಗೆದರು. ಆದರೆ ತೀರ್ಪನ್ನು ತೆಗೆಯಲಾಗಲಿಲ್ಲ. ಮೇಲಿನ ನ್ಯಾಯಾಲಯಗಳು ಅದನ್ನು ಎತ್ತಿಹಿಡಿದವು. ಒಂದು ಶತಮಾನದ ಕಟ್ಟಡ ಕುಸಿದದ್ದು ಸಂವಿಧಾನದ ಮಹಾವಾಕ್ಯದಿಂದಲ್ಲ, ಸಾಮಾನ್ಯ ವಾಕ್ಯವೊಂದನ್ನು ಸರಿಯಾಗಿ ಓದಿದ್ದರಿಂದ. ಸಾಹಿತ್ಯವನ್ನು ಪ್ರೀತಿಸುವವರಿಗೆ ಇದರಲ್ಲಿ ಒಂದು ಸಮಾಧಾನವಿರಬೇಕು.

1976ರ ಜುಲೈಯಲ್ಲಿ ಎರಡು ಪಕ್ಷಗಳೂ ಕೂತು, ಆರು ವರ್ಷ ಆಡಿದ ಆಟಗಾರ ಸ್ವತಂತ್ರನಾಗಬಹುದೆಂದು ಒಪ್ಪಿದವು. ಎಲ್ಲರನ್ನೂ ಪ್ರತಿವರ್ಷ ಸ್ವತಂತ್ರರನ್ನಾಗಿ ಬಿಟ್ಟುಬಿಡಿ ಎಂದು ಫಿನ್ಲಿ ಮಾಲೀಕರಿಗೆ ಹೇಳಿದರಂತೆ. ಮಿಲ್ಲರ್ ಅವರು ಹೆದರಿದ್ದು ಆ ಒಂದು ಮಾತಿಗೆ ಮಾತ್ರ. ಸಂತೆಗೆ ಒಮ್ಮೆಲೇ ಎಲ್ಲ ರಾಸುಗಳೂ ಬಂದರೆ ಬೆಲೆ ಬೀಳುತ್ತದೆಂಬುದು ಯಾವ ರೈತನಿಗೆ ತಿಳಿಯದು? ಮಾಲೀಕರು ಫಿನ್ಲಿಯವರ ಮಾತಿಗೆ ಕಿವಿಗೊಡಲಿಲ್ಲ. 1967ರಲ್ಲಿ ಸುಮಾರು 19,000 ಡಾಲರಿದ್ದ ಸರಾಸರಿ ಸಂಬಳ 1980ರ ವೇಳೆಗೆ ಸುಮಾರು 1,43,000ಕ್ಕೆ ಏರಿತು.

ಇದರಿಂದ ಆಟ ಕೆಡಲಿಲ್ಲವೆ, ನಿಷ್ಠೆ ಸಾಯಲಿಲ್ಲವೆ, ಸಿರಿವಂತ ತಂಡಗಳು ಎಲ್ಲರನ್ನೂ ಕೊಂಡುಬಿಡಲಿಲ್ಲವೆ ಎಂದು ಕೇಳುವವರುಂಟು. ಮಾಲೀಕರ ಮುಖ್ಯ ವಾದವೂ ಅದೇ ಆಗಿತ್ತು. ಚರಿತ್ರೆ ಬೇರೆ ಹೇಳುತ್ತದೆ. ಕಲಮು ಗಟ್ಟಿಯಾಗಿದ್ದಾಗಲೇ ಯಾಂಕೀಸ್ ತಂಡ 1949ರಿಂದ 1953ರವರೆಗೆ ಐದು ವರ್ಷ ಸತತವಾಗಿ ದೇಶದ ಪ್ರಶಸ್ತಿಯನ್ನು ಗೆದ್ದಿತ್ತು. ಕಲಮು ಮುರಿದ ಮೇಲೆ, 1978ರಿಂದ 1987ರವರೆಗಿನ ಹತ್ತು ವರ್ಷಗಳಲ್ಲಿ ಹತ್ತು ಬೇರೆ ಬೇರೆ ತಂಡಗಳು ಗೆದ್ದವು. ಇನ್ನು ನಿಷ್ಠೆಯ ಮಾತು. ಹೋಗಲಾರದವನು ಉಳಿದರೆ ಅದು ನಿಷ್ಠೆಯಲ್ಲ. ಹೋಗಬಲ್ಲವನು ಉಳಿದಾಗ ಮಾತ್ರ ಆ ಪದಕ್ಕೆ ಅರ್ಥ ಬರುತ್ತದೆ. ಹಣದ ಹುಚ್ಚು ಹೆಚ್ಚಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೊದಲು ಆ ಹಣ ಇರಲಿಲ್ಲವೆಂದಲ್ಲ. ಅದು ಮೇಜಿನ ಇನ್ನೊಂದು ಬದಿಯಲ್ಲಿತ್ತು.

ಆಟಗಾರರಿಗೆ ತೆರೆದ ಈ ಬಾಗಿಲು ಗುರುಗಳಿಗೆ ಅಷ್ಟು ಸುಲಭವಾಗಿ ತೆರೆಯಲಿಲ್ಲ ಎಂಬುದನ್ನೂ ಹೇಳಬೇಕು. ಬೇಸ್‌ಬಾಲಿನಲ್ಲಿ ತಂಡದ ಮುಖ್ಯ ಗುರುವನ್ನು ಮ್ಯಾನೇಜರ್ ಎನ್ನುತ್ತಾರೆ. ಆ ನೇಮಕ ಪೂರ್ತಿ ಮಾಲೀಕರ ಇಚ್ಛೆ. 1972ರ ಅಕ್ಟೋಬರಿನಲ್ಲಿ, ಸಾಯುವುದಕ್ಕೆ ಒಂಬತ್ತು ದಿನ ಮೊದಲು, ಸನ್ಮಾನವೊಂದರಲ್ಲಿ ಜ್ಯಾಕಿ ರಾಬಿನ್ಸನ್ ಹೇಳಿದ ಮಾತು, ಗುರುವಿನ ಸ್ಥಾನದಲ್ಲಿ ಒಂದು ಕಪ್ಪು ಮುಖವನ್ನು ಕಾಣಬೇಕೆಂಬುದು. ಎರಡು ವರ್ಷದ ನಂತರ ಕ್ಲೀವ್ಲೆಂಡ್ ತಂಡ ಆ ಸ್ಥಾನಕ್ಕೆ ಫ್ರ್ಯಾಂಕ್ ರಾಬಿನ್ಸನ್ ಅವರನ್ನು ನೇಮಿಸಿತು. ಅದೇ ಫ್ರ್ಯಾಂಕ್, ಫ್ಲಡ್ ಅವರ ಹುಡುಗತನದ ಸಂಗಡಿಗ, ಸಿನ್ಸಿನಾಟಿ ಮುದುಕನೆಂದು ಕೈಬಿಟ್ಟವರು. 1975ರ ಏಪ್ರಿಲ್ 8ರಂದು ಗುರುವಾಗಿಯೂ ಆಟಗಾರನಾಗಿಯೂ ಕಣಕ್ಕಿಳಿದು, ಮೊದಲ ಸರದಿಯಲ್ಲೇ ಚೆಂಡನ್ನು ಮೈದಾನದಾಚೆಗೆ ಹೊಡೆದರು. ಆಡುವುದಕ್ಕೆ ಕಪ್ಪು ಜನರನ್ನು ಒಳಗೆ ಬಿಟ್ಟ ಮೇಲೆ ಆಡಿಸುವುದಕ್ಕೆ ಬಿಡಲು ಇಪ್ಪತ್ತೆಂಟು ವರ್ಷ ಬೇಕಾಯಿತು. 1977ರಲ್ಲಿ ಅವರನ್ನು ತೆಗೆದೂ ಹಾಕಿದರು. ಗುರುಗಳಿಗೆ ಆಟಗಾರರ ಸಂಘದಂಥ ಆಸರೆಯಿರಲಿಲ್ಲ.

ಈಗ ನಮ್ಮ ಅಂಗಳದ ಮಾತು ಒಂದಿಷ್ಟು. 2008ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಡಿಯನ್ ಪ್ರೀಮಿಯರ್ ಲೀಗಿನ ಮೊದಲ ಹರಾಜು ನಡೆಯಿತು. 2018ರ ಮತ್ತು 2022ರ ದೊಡ್ಡ ಹರಾಜುಗಳು ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ನಮ್ಮವರಾದ ಕೆ. ಎಲ್. ರಾಹುಲ್ ದಿಲ್ಲಿಗೆ 14 ಕೋಟಿ ರೂಪಾಯಿಗೆ ಹೋದರು. ಹರಾಜು ಎಂಬ ಪದ ಕಿವಿಗೆ ಒರಟು. ಆದರೂ ಇದು ಫ್ಲಡ್ ಅವರ ಸ್ಥಿತಿಯಲ್ಲ. ಇಲ್ಲಿ ಆಟಗಾರ ತಾನೇ ಹೆಸರು ಕೊಡುತ್ತಾನೆ, ಕನಿಷ್ಠ ಬೆಲೆಯನ್ನು ತಾನೇ ಸೂಚಿಸುತ್ತಾನೆ. ಆದರೆ ಕೂಗು ತೊಡಗಿದ ಮೇಲೆ ಯಾವ ಊರಿಗೆ ಎಂಬುದು ಅವನ ಕೈಯಲ್ಲಿಲ್ಲ. 14 ಕೋಟಿ ಕೊಟ್ಟವರ ಮನೆಯೇ ಅವನ ಮನೆ. 2019ರಲ್ಲಿ ಸ್ಥಾಪನೆಯಾದ ಭಾರತೀಯ ಕ್ರಿಕೆಟಿಗರ ಸಂಘ ಮಾಜಿ ಆಟಗಾರರದು. ಬೆಲೆ ಬಹಳ ಬೆಳೆದಿದೆ. ಒಪ್ಪಿಗೆ ಅದರ ಜೊತೆಯಲ್ಲಿ ಅಷ್ಟೇ ಬೆಳೆದಿದೆಯೆ ಎಂಬುದನ್ನು ಕೇಳಿಕೊಳ್ಳಲು ಫ್ಲಡ್ ಅವರ ಕಥೆ ನಮಗೊಂದು ಅಳತೆಗೋಲು.

ಅವರ ಕಥೆಯ ಕೊನೆಯನ್ನು ಹೇಳಿ ಮುಗಿಸುತ್ತೇನೆ. 1970ರ ಇಡೀ ವರ್ಷ ಫ್ಲಡ್ ಆಡಲಿಲ್ಲ. 1971ರಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದು ಹದಿಮೂರು ಪಂದ್ಯ ಆಡಿದರು; ಕೈ ಹಳೆಯ ಕೈಯಾಗಿರಲಿಲ್ಲ. ಆಟ ಬಿಟ್ಟು ಸ್ಪೇನ್ ದೇಶದ ಮಾಯೋರ್ಕ ದ್ವೀಪಕ್ಕೆ ಹೋದರು. ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದ ಆಟಗಾರನನ್ನು ಅವನ ಒಪ್ಪಿಗೆಯಿಲ್ಲದೆ ಬೇರೆ ತಂಡಕ್ಕೆ ಕೊಡಬಾರದೆಂಬ ನಿಯಮ 1973ರಲ್ಲಿ ಬಂದಿತು. ನಾಲ್ಕು ವರ್ಷ ಮೊದಲು ಬಂದಿದ್ದರೆ, ಒಂದೇ ತಂಡದಲ್ಲಿ ಹನ್ನೆರಡು ವರ್ಷ ಕಳೆದ ಫ್ಲಡ್ ಅವರಿಗೆ ಒಂದು ಮಾತು ಸಾಕಾಗುತ್ತಿತ್ತು. 1997ರ ಜನವರಿ 20ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮರುವರ್ಷ ಅಮೆರಿಕದ ಶಾಸನಸಭೆ, ಆಟಗಾರರ ಕರಾರಿನ ಮಟ್ಟಿಗೆ ಬೇಸ್‌ಬಾಲಿನ ಹಳೆಯ ವಿನಾಯಿತಿಯನ್ನು ತೆಗೆದು ಹಾಕಿತು. ಆ ಕಾಯಿದೆಗೆ ಕರ್ಟ್ ಫ್ಲಡ್ ಕಾಯಿದೆ ಎಂದೇ ಹೆಸರು.

ಮಿಲ್ಲರ್ ಅವರು ಎಚ್ಚರಿಸಿದಂತೆಯೇ ಆಯಿತು. ನೆಟ್ಟವರಿಗೆ ನೆರಳು ಸಿಗಲಿಲ್ಲ. ಚಳಿಗಾಲ ಬಂದಾಗ ಪತ್ರಿಕೆಗಳಲ್ಲಿ ಮತ್ತೆ ದೊಡ್ಡ ದೊಡ್ಡ ಮೊತ್ತಗಳು ಅಚ್ಚಾಗುತ್ತವೆ, ನಾವು ಮತ್ತೆ ಹುಬ್ಬೇರಿಸುತ್ತೇವೆ. ಆಗ ಆ ಅಂಕಿಯ ಹಿಂದೆ, ಹೆಚ್ಚು ಸಂಬಳವನ್ನು ಬದಿಗೆ ಸರಿಸಿ, ನನ್ನನ್ನು ಒಂದು ಮಾತು ಕೇಳಬೇಕಾಗಿತ್ತು ಎಂದಷ್ಟೇ ಹೇಳಿದ ಒಬ್ಬ ಮನುಷ್ಯರಿದ್ದರೆಂಬುದು ನಮ್ಮ ನೆನಪಿನಲ್ಲಿರಲಿ.